ಕಡ್ಡಿ ಚಕ್ರದ ಹಳೇ ಕಾರಿಗೆ ಸರಿಯಾದ ವೀಲ್ ನಟ್ ಆರಿಸುವುದು ಹೇಗೆ?

ಹೊಸ ನಟ್‌ಗಳು ನೋಡಲು ಚೆನ್ನಾಗಿಯೇ ಇದ್ದವು. ಕ್ರೋಮ್ ಹೊಳಪು, ಗುಂಡು ತಲೆ, ಬೇಕಿದ್ದರೆ ಮುಖ ನೋಡಿಕೊಳ್ಳಬಹುದು. ಗೆಳೆಯನ 1930ರ ಫೋರ್ಡ್ ಮಾಡೆಲ್ ಎ ಕಾರಿನ ಮುಂದಿನ ಎಡ ಚಕ್ರಕ್ಕೆ ಐದನ್ನೂ ನಾನೇ ಹಾಕಿದ್ದೆ. ನಿಗದಿ ಮಾಡಿದ ಬಿಗಿ (ಟಾರ್ಕ್) ಬಂದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಪ್ರತಿ ನಟ್‌ಗೂ ಟಿಕ್ ಅಂದಿತ್ತು. 12 ಕಿಲೋಮೀಟರ್ ಓಡಿಸುವಷ್ಟರಲ್ಲಿ ತಿರುವುಗಳಲ್ಲಿ ಟಕ್ ಟಕ್ ಸದ್ದು ಶುರುವಾಯಿತು. ಪಕ್ಕಕ್ಕೆ ನಿಲ್ಲಿಸಿ ಚಕ್ರ ಹಿಡಿದು ಅಲ್ಲಾಡಿಸಿದರೆ ಬೀಳಲಿಕ್ಕಾದ ಹಾಲುಹಲ್ಲಿನ ಹಾಗೆ ಆಡುತ್ತಿತ್ತು. ಆದರೆ ನಟ್ ಒಂದೂ ಸಡಿಲವಾಗಿರಲಿಲ್ಲ!

ಬಿಚ್ಚಿ ನೋಡಿದಾಗ ಅರ್ಥವಾಯಿತು. ಚಕ್ರದಲ್ಲಿ ನಟ್ ಕೂರಬೇಕಾದ ಬಟ್ಟಲಿನಲ್ಲಿ ಹಳೇ ಬಣ್ಣ ಹಾಗೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ. ಸ್ಟಡ್‌ಗಳ, ಅಂದರೆ ಚಕ್ರದ ತೂತಿನಿಂದ ಹೊರಬಂದು ನಟ್ ಹಿಡಿಯುವ ಬೋಲ್ಟ್‌ಗಳ, ತುದಿಯಲ್ಲಿ ಮಾತ್ರ ಕಡಲೆಕಾಳಿನಷ್ಟು ಅಗಲದ ಮಿರಿಮಿರಿ ಗುರುತು. ಗುಂಡು ತಲೆಯ ಒಳಗಡೆ ಸ್ಟಡ್ ತುದಿ ಹೋಗಿ ತಗುಲಿತ್ತು. ನಟ್ ಬಿಗಿಯಾಗಿದ್ದು ಸ್ಟಡ್‌ಗೆ, ಚಕ್ರಕ್ಕಲ್ಲ. ತಪ್ಪು ಪೂರ್ತಿ ನನ್ನದೇ. ಥ್ರೆಡ್, ಅಂದರೆ ತಿರುಪಿನ ಗೆರೆ, ಸರಿ ಇದೆಯಾ ಅಂತ ಮಾತ್ರ ನೋಡಿದ್ದೆ, ನಟ್‌ನ ಬುಡ ಎಲ್ಲಿ ಕೂರುತ್ತದೆ ಅಂತ ನೋಡಿರಲಿಲ್ಲ.

ಹಾಗಾಗಿ ಈ ಬರಹದಲ್ಲಿ ನಾನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ನಟ್ ಎಲ್ಲಿ ಕೂರುತ್ತಿದೆ? ಥ್ರೆಡ್, ಉದ್ದ, ದಿಕ್ಕು, ಲೋಹ ಎಲ್ಲವನ್ನೂ ನೋಡೋಣ. ಆದರೆ ಅವೆಲ್ಲ ಇರುವುದು ನಟ್‌ನ ಬುಡ ಚಕ್ರದ ಮೇಲೆ ಸರಿಯಾಗಿ ಕೂರಲಿ ಅಂತಲೇ.

ಮೊದಲು ನಿಮ್ಮದು ಯಾವ ಜಾತಿಯ ಚಕ್ರ ನೋಡಿ

ಕಡ್ಡಿ ಚಕ್ರ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಮಧ್ಯದಲ್ಲಿ ರೆಕ್ಕೆ ಇರುವ ಒಂದೇ ದೊಡ್ಡ ನಟ್. ಎಂಜಿ, ಆಸ್ಟಿನ್-ಹೀಲಿ, ಜಾಗ್ವಾರ್ ಕಾರುಗಳಲ್ಲಿ ಇರುವುದು ಅದೇ. ಅದನ್ನು ಸೆಂಟರ್ ಲಾಕ್ ಅಂತಾರೆ. ಸುತ್ತಿಗೆಯಲ್ಲಿ ಹೊಡೆದು ಬಿಚ್ಚುವುದರಿಂದ ನಾಕ್-ಆಫ್ ಅಂತಲೂ ಹೆಸರು.

ಆದರೆ ನಮ್ಮ ಕಡೆ ಉಳಿದಿರುವ 1920-30ರ ದಶಕದ ಅಮೆರಿಕನ್ ಕಾರುಗಳಲ್ಲಿ ಕಡ್ಡಿ ಚಕ್ರ ಸಾಮಾನ್ಯವಾಗಿ ನಾಲ್ಕೈದು ನಟ್‌ಗಳಲ್ಲೇ ನಿಂತಿರುತ್ತದೆ. ಫೋರ್ಡ್ 1926ರಲ್ಲಿ ಬಾಂಬೆಯಲ್ಲಿ ಕಂಪನಿ ತೆರೆಯಿತು, ಜನರಲ್ ಮೋಟರ್ಸ್ 1928ರಲ್ಲಿ ಅಲ್ಲೇ ಜೋಡಣೆ ಶುರು ಮಾಡಿತು. ಹಾಗಾಗಿ ಆ ಕಾಲದ ಫೋರ್ಡ್, ಷೆವರ್ಲೆಗಳು ಇವತ್ತಿಗೂ ಅಲ್ಲಲ್ಲಿ ಕಾಣುತ್ತವೆ. ಧರ್ಮಸ್ಥಳದ ಕಾರು ಸಂಗ್ರಹ ನೋಡಲು ಹೋದರೆ ಹೊಳಪಿಗೆ ಮಾರುಹೋಗದೆ ಚಕ್ರಗಳ ಹತ್ತಿರ ಬಗ್ಗಿ ನೋಡಿ. ಯಾವ ಕಾರು ಯಾವ ಜಾತಿ ಅಂತ ಹೇಳುವ ಅಭ್ಯಾಸವಾಗುತ್ತದೆ. ಅಮೆರಿಕದವರು ಲಗ್ ನಟ್ ಅನ್ನುವುದು ಈ ಸಣ್ಣ ನಟ್‌ಗಳಿಗೆ. ನಮ್ಮ ಗ್ಯಾರೇಜುಗಳಲ್ಲಿ ಅದು ವೀಲ್ ನಟ್.

ಮೂರನೆಯದೊಂದಿದೆ, ಇದು ಮೋಸ ಮಾಡುತ್ತದೆ. ಹೊರಗಿನಿಂದ ನೋಡಿದರೆ ಮಧ್ಯದಲ್ಲಿ ಒಂದೇ ನಟ್. ಚಕ್ರ ತೆಗೆದರೆ ಒಳಗೆ ಹಲ್ಲುಹಲ್ಲಿನ ಒಂದು ಅಡಾಪ್ಟರ್, ಅದನ್ನು ಹಬ್‌ಗೆ (ಚಕ್ರ ಕೂರುವ, ಅದರ ಜೊತೆಗೇ ತಿರುಗುವ ನಡುಭಾಗಕ್ಕೆ) ನಾಲ್ಕು ಸಣ್ಣ ನಟ್‌ಗಳು ಹಿಡಿದಿರುತ್ತವೆ. ಬ್ರಿಟನ್ನಿನ ಟ್ರಯಂಫ್ ಟಿಆರ್ ಮತ್ತು ಸ್ಪಿಟ್‌ಫೈರ್ ಕಾರುಗಳ ಕಡ್ಡಿ ಚಕ್ರ ಹೀಗೇ. ಇಲ್ಲಿ ನೀವು ಎರಡೂ ಬಗೆಯ ನಟ್ ಆರಿಸಬೇಕು.

ಹಂತ 1: ಒರೆಸಿ, ಆಮೇಲೆ ಅಳೆಯಿರಿ

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಜಾಕಿ ಏರಿಸಿದ ಮೇಲೆ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಕೆಳಗೆ ಕೈ ಹಾಕಬೇಡಿ. ಚಕ್ರ ಬಿಚ್ಚಿ, ಸ್ಟಡ್‌ಗಳನ್ನು ತಂತಿ ಬ್ರಷ್ ಮತ್ತು ಸ್ವಲ್ಪ ಡೀಸೆಲ್ ಹಾಕಿ ಉಜ್ಜಿ. ತುಕ್ಕು, ಬಣ್ಣ, ಹಳೇ ಗ್ರೀಸ್ ಎಲ್ಲ ಹೋಗಿ ಥ್ರೆಡ್‌ನ ಅಂಚು ಕಾಣಬೇಕು. ಚಕ್ರದಲ್ಲಿ ನಟ್ ಕೂರುವ ಜಾಗವನ್ನೂ ಹಾಗೇ ಬಿಡಿಸಿ. ಪೌಡರ್ ಕೋಟಿಂಗ್ ಮಾಡಿಸಿದ ಚಕ್ರವಾದರೆ ಆ ಬಟ್ಟಲುಗಳ ಮೇಲಿನ ಬಣ್ಣ ಪೂರ್ತಿ ತೆಗೆಯಬೇಕು. ಇಲ್ಲದಿದ್ದರೆ ನಟ್ ಬಣ್ಣದ ಮೇಲೆ ಕೂರುತ್ತದೆ, ನಾಲ್ಕು ದಿನದಲ್ಲಿ ಬಣ್ಣ ಅರೆದು ಹೋಗಿ ನಟ್ ತಾನಾಗೇ ಸಡಿಲವಾಗುತ್ತದೆ.

ಈಗ ವರ್ನಿಯರ್ ಹಿಡಿದು ಸ್ಟಡ್‌ನ ದಪ್ಪ ಅಳೆಯಿರಿ. ಒಂದನ್ನಲ್ಲ, ಎಲ್ಲವನ್ನೂ. ತೊಂಬತ್ತು ವರ್ಷದ ಕಾರಿನಲ್ಲಿ ಎಷ್ಟು ಜನ ಕೈಯಾಡಿಸಿದ್ದಾರೋ ಯಾರಿಗೆ ಗೊತ್ತು?

ಮಾಡೆಲ್ ಎ ಸ್ಟಡ್ ಅರ್ಧ ಇಂಚಿನದು, ಇಂಚಿಗೆ 20 ಥ್ರೆಡ್. ಅಂದರೆ ದಪ್ಪ 12.7 ಮಿಲಿಮೀಟರ್, ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ 1.27 ಮಿಲಿಮೀಟರ್. ಟ್ರಯಂಫ್ ಟಿಆರ್4ರಲ್ಲಿ 7/16 ಇಂಚು, ಅದಕ್ಕೂ ಇಂಚಿಗೆ 20 ಥ್ರೆಡ್, ದಪ್ಪ 11.1 ಮಿಲಿಮೀಟರ್. ಸ್ಪಿಟ್‌ಫೈರ್‌ನಲ್ಲಿ ಬರೀ 3/8 ಇಂಚು, ಇಂಚಿಗೆ 24 ಥ್ರೆಡ್, ದಪ್ಪ 9.5 ಮಿಲಿಮೀಟರ್. 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಸ್ಪಿಟ್‌ಫೈರ್ ಬಳ್ಳಿಯದೇ ಕಾಯಿ, ಅದೇ 3/8 ಸ್ಟಡ್.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಬ್ರಿಟಿಷ್ ಕಾರಾದರೆ ಲೆಕ್ಕ ಬೇರೆ. ಅಲ್ಲಿ ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಥ್ರೆಡ್ ಸಿಗುವುದು ಜಾಸ್ತಿ: ಅರ್ಧ ಇಂಚಿಗೆ 16, 7/16ಕ್ಕೆ 18, 3/8ಕ್ಕೆ 20. ಥ್ರೆಡ್‌ನ ಕೋನವೂ 60 ಡಿಗ್ರಿ ಅಲ್ಲ, 55 ಡಿಗ್ರಿ. ಅಮೆರಿಕ, ಬ್ರಿಟನ್, ಕೆನಡಾ ಮೂರೂ ಸೇರಿ ಒಂದೇ ಥ್ರೆಡ್ ಅಂತ ಒಪ್ಪಿಕೊಂಡಿದ್ದೇ 1948ರಲ್ಲಿ. ಅದಕ್ಕಿಂತ ಹಳೆಯದರಲ್ಲಿ ಏನನ್ನೂ ಊಹಿಸಬೇಡಿ. ಹಳೇ ಎಂಜಿ ಟಿ ಸರಣಿಯ ಎಂಜಿನ್ನಿನಲ್ಲಂತೂ ಮೆಟ್ರಿಕ್ ಥ್ರೆಡ್‌ನ ಬೋಲ್ಟ್‌ಗೆ ಇಂಚಿನ ವಿಟ್‌ವರ್ತ್ (ಹಳೇ ಬ್ರಿಟಿಷ್ ಅಳತೆಯ) ತಲೆ ಕೂರಿಸಿದ್ದಾರೆ! ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯ ಕೊವೆಂಟ್ರಿ ಕಾರ್ಖಾನೆಯನ್ನು ಮಾರಿಸ್ ಕೊಂಡಿದ್ದರ ಫಲ ಅದು. ಪಾನಾ ಕೂತಿತು ಅಂದ ಮಾತ್ರಕ್ಕೆ ಥ್ರೆಡ್ ಗೊತ್ತಾಯಿತು ಅಂತಲ್ಲ.

ಹಂತ 2: 12 ಮತ್ತು 12.7ರ ಬಲೆ

ಇದಕ್ಕೆ ಒಂದು ಹಂತವನ್ನೇ ಮೀಸಲಿಟ್ಟಿದ್ದೇನೆ, ಯಾಕೆಂದರೆ ನನಗೆ ಹೆಚ್ಚು ಭಯ ಇರುವುದು ಇದರ ಬಗ್ಗೆ.

ಯಾವಾಗಲೋ ಒಂದು ಸ್ಟಡ್ ಮುರಿದಿರುತ್ತದೆ. ಅರ್ಧ ಇಂಚಿನದು ಸಿಕ್ಕಿಲ್ಲ ಅಂತ ಯಾರೋ ಮಾರುತಿ 800ರ ಸ್ಟಡ್ ತೂರಿಸಿರುತ್ತಾರೆ. ಅದು ಎಂ12, ಅಂದರೆ 12 ಮಿಲಿಮೀಟರ್ ದಪ್ಪ, ಪಿಚ್ (ಥ್ರೆಡ್‌ನಿಂದ ಥ್ರೆಡ್‌ಗೆ ಇರುವ ದೂರ) 1.25 ಮಿಲಿಮೀಟರ್. ಈಗ ಲೆಕ್ಕ ಹಾಕಿ. ಒಂದು 1.25, ಇನ್ನೊಂದು 1.27. ಕಣ್ಣಿಗೆ ಎರಡೂ ಒಂದೇ. ಪಿಚ್ ಗೇಜ್ ಇಟ್ಟರೂ ಒಂದು ಇಂಚಿನೊಳಗೆ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಅರ್ಧ ಇಂಚಿನ ನಟ್ ಈ ಸ್ಟಡ್ ಮೇಲೆ ಬೆಣ್ಣೆಯಂತೆ ಇಳಿಯುತ್ತದೆ. ಎಷ್ಟು ಸಲೀಸಾಗಿ ಹೋಯಿತು ಅಂತ ಖುಷಿಯಾಗುತ್ತದೆ, ಅಲ್ವಾ? ಆದರೆ ಸ್ಟಡ್ 0.7 ಮಿಲಿಮೀಟರ್ ಸಣ್ಣ. ಥ್ರೆಡ್‌ಗಳು ತಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಭಾಗದಲ್ಲಿ ಮಾತ್ರ ಕಚ್ಚಿಕೊಂಡಿರುತ್ತವೆ. ಬಿಗಿ ಮಾಡುವಾಗಲೇ ಥ್ರೆಡ್ ಕಿತ್ತುಬಂದರೆ ನಿಮ್ಮ ಪುಣ್ಯ. ರಸ್ತೆಯಲ್ಲಿ ಬಂದರೆ ಕಷ್ಟ.

ಪತ್ತೆ ಮಾಡುವುದು ಸುಲಭ. ನಟ್ಟನ್ನು ಕೈಯಲ್ಲೇ ನಾಲ್ಕು ಸುತ್ತು ಹಾಕಿ, ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕೂದಲೆಳೆಯಷ್ಟು ಆಟ ಸಹಜ. ಕಟಕಟ ಅಂತ ಆಡಿದರೆ ವರ್ನಿಯರ್ ತೆಗೆಯಿರಿ. 11.9ರ ಆಸುಪಾಸು ಬಂದರೆ ಅದು ಎಂ12. 12.6ರ ಆಸುಪಾಸು ಬಂದರೆ ಅರ್ಧ ಇಂಚು.

ತಿರುಗುಮುರುಗಾದರೂ ಅಪಾಯವೇ. ಎಂ12 ನಟ್ಟನ್ನು ಅರ್ಧ ಇಂಚಿನ ಸ್ಟಡ್‌ಗೆ ಹಾಕಲು ಹೋದರೆ ಕೈಯಲ್ಲಿ ಶುರುವೇ ಆಗುವುದಿಲ್ಲ. ಆದರೆ ಗಾಳಿ ಗನ್ ಹಿಡಿದವರು ಟರ್ರ್ ಅಂತ ತಳ್ಳಿಬಿಡುತ್ತಾರೆ. ಆಗ ಸ್ಟಡ್, ನಟ್ ಎರಡೂ ಹಾಳು. ಹಳೇ ಕಾರಿನ ನಟ್ ಕೈಬೆರಳಲ್ಲಿ ಕೊನೇತನಕ ಇಳಿಯಲೇಬೇಕು. ಅದಾದ ಮೇಲೇ ಪಾನಾ.

ಮಾಡೆಲ್ ಎ ಮಾಲೀಕರಿಗೆ ಒಂದು ಮಾತು. ಆ ಸ್ಟಡ್‌ಗಳನ್ನು ಹಬ್ ಮತ್ತು ಬ್ರೇಕ್ ಡ್ರಮ್ ಎರಡನ್ನೂ ಸೇರಿಸಿ ತಲೆ ಬಡಿದು ಅಗಲಿಸಿ ಕೂರಿಸಿರುತ್ತಾರೆ. ಸುಮ್ನೆ ಸುತ್ತಿಗೆಯಲ್ಲಿ ಹೊಡೆದು ಹೊರಗೆ ತೆಗೆದರೆ ಹಬ್‌ನ ತೂತು ಹರಿಯುತ್ತದೆ, ಹಬ್ ಸೊಟ್ಟಗಾಗುತ್ತದೆ. ಅಗಲಿಸಿದ ಭಾಗವನ್ನು ಮೊದಲು ಕತ್ತರಿಸುವ ಕಟರ್ ಬೇರೆಯೇ ಸಿಗುತ್ತದೆ. ಅದಿಲ್ಲದಿದ್ದರೆ ಲೇತ್ ಕೆಲಸ ಬಲ್ಲ ಟರ್ನರ್ ಹತ್ತಿರ ಒಯ್ಯಿರಿ.

ಹಂತ 3: ಬುಡ ಕೂರುತ್ತಿದೆಯಾ? ಕಾಡಿಗೆ ಪರೀಕ್ಷೆ

ನಟ್‌ನ ಬುಡದಲ್ಲಿ ಮುಖ್ಯವಾಗಿ ಮೂರು ಬಗೆ. ಲಾಳಿಕೆಯಂತೆ ಓರೆಯಾಗಿ ಕಿರಿದಾಗುವುದು ಒಂದು. ಇದರಲ್ಲಿ 60 ಡಿಗ್ರಿಯದು ಎಲ್ಲಕ್ಕಿಂತ ಸಾಮಾನ್ಯ. ಗೋಲಿಯಂತೆ ಉರುಟಾಗಿರುವುದು ಇನ್ನೊಂದು. ಮೂರನೆಯದು ಚಪ್ಪಟೆ, ಕೆಳಗೆ ವಾಷರ್ ಇರುತ್ತದೆ. ಕೆಲವಕ್ಕೆ ಕೊಳವೆಯಂಥ ಕತ್ತು ಕೂಡ ಇರುತ್ತದೆ. ಈ ಮೂರನೇ ಬಗೆ ಅಲಾಯ್ ಚಕ್ರಗಳಿಗಾಗಿ ಬಂದದ್ದು. ಹಳೇ ಉಕ್ಕಿನ ಕಡ್ಡಿ ಚಕ್ರದ ಓರೆ ಬಟ್ಟಲಿಗೆ ಅದನ್ನು ಹಾಕಿದರೆ ವಾಷರ್ ಬಟ್ಟಲಿನ ಅಂಚಿನ ಮೇಲೆ ಮಾತ್ರ ನಿಂತಿರುತ್ತದೆ. ಚಕ್ರ ಮಧ್ಯಕ್ಕೆ ಬರುವುದೂ ಇಲ್ಲ, ಹಿಡಿತವೂ ಇಲ್ಲ.

ಓರೆ ಮತ್ತು ಉರುಟು, ಇವೆರಡನ್ನು ಅದಲುಬದಲು ಮಾಡಿದರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಓರೆ ಬಟ್ಟಲಿನಲ್ಲಿ ಉರುಟು ನಟ್ ಕೂತರೆ ಎರಡೂ ಮುಟ್ಟುವುದು ದಾರದಷ್ಟು ತೆಳುವಾದ ಒಂದು ಗೆರೆಯಲ್ಲಿ. ಆ ಗೆರೆ ಕೆಲವೇ ದಿನದಲ್ಲಿ ಒಳಗಿಳಿಯುತ್ತದೆ, ನಟ್ ಸಡಿಲವಾಗುತ್ತದೆ, ಚಕ್ರದ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಇದನ್ನು ನೋಡಲು ಕಾರ್ಖಾನೆಗಳಲ್ಲಿ ನೀಲಿ ಮಸಿ ಹಚ್ಚುತ್ತಾರೆ. ನಾನು ಮನೆಯಲ್ಲಿದ್ದ ಕಣ್ಣುಕಪ್ಪಿನ ಡಬ್ಬಿ ತೆಗೆದುಕೊಂಡೆ. ಕಾಡಿಗೆ ಎಣ್ಣೆಯಂಶದ್ದು, ತೆಳ್ಳಗೆ ಹರಡುತ್ತದೆ, ಒಣಗುವುದಿಲ್ಲ. ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಟ್‌ನ ಬುಡಕ್ಕೆ ಬೆರಳ ತುದಿಯಲ್ಲಿ ಸುತ್ತಲೂ ತೆಳುವಾಗಿ ಬಳಿಯಿರಿ. ಚಕ್ರ ಹಾಕಿ, ನಟ್ಟನ್ನು ಕೈಯಲ್ಲಿ ಇಳಿಸಿ, ಪಾನಾದಿಂದ ಸ್ವಲ್ಪ ಬಿಗಿ ಮಾಡಿ. ತಕ್ಷಣ ಬಿಚ್ಚಿ ಚಕ್ರದ ಬಟ್ಟಲು ನೋಡಿ.

ಮೂರ್ನಾಲ್ಕು ಮಿಲಿಮೀಟರ್ ಅಗಲದ ಕಪ್ಪು ಉಂಗುರ ಸುತ್ತಲೂ ಒಂದೇ ಸಮ ಬಿದ್ದಿದ್ದರೆ ನಟ್ ಸರಿ. ಸಪೂರ ಗೆರೆ ಬಿದ್ದಿದ್ದರೆ ಬುಡದ ಆಕಾರ ತಪ್ಪು. ಅರ್ಧಚಂದ್ರ ಬಿದ್ದಿದ್ದರೆ ಬಟ್ಟಲು ಸವೆದಿದೆ ಅಥವಾ ಸ್ಟಡ್ ಬಾಗಿದೆ. ಏನೂ ಬೀಳದಿದ್ದರೆ ನನ್ನ ಕಥೆಯೇ ನಿಮ್ಮದೂ. ಗೆಳೆಯನ ಕಾರಿಗೆ ಎರಡನೇ ಸಲ ನಟ್ ತಂದಾಗ ಐದರಲ್ಲಿ ನಾಲ್ಕು ಬಟ್ಟಲುಗಳಲ್ಲಿ ಪೂರ್ತಿ ಉಂಗುರ ಬಿತ್ತು. ಐದನೆಯದರಲ್ಲಿ ಅರ್ಧಚಂದ್ರ. ಆ ಬಟ್ಟಲು ಹಿಂದೆ ಯಾವಾಗಲೋ ಸಡಿಲ ನಟ್‌ನಿಂದ ಅಗಲವಾಗಿತ್ತು. ಅಂಥ ಚಕ್ರಕ್ಕೆ ಯಾವ ನಟ್ ತಂದರೂ ಪ್ರಯೋಜನವಿಲ್ಲ, ಚಕ್ರವನ್ನೇ ರಿಪೇರಿ ಮಾಡಿಸಬೇಕು ಇಲ್ಲವೇ ಬದಲಿಸಬೇಕು. ಅವನು ಸ್ಟೆಪ್ನಿ ಚಕ್ರವನ್ನು ಮುಂದಕ್ಕೆ ಹಾಕಿಕೊಂಡ.

ಇನ್ನೊಂದು ಪ್ರಸಂಗ. ಚಕ್ರದಲ್ಲಿ ಸದ್ದು ಬಂದರೆ ಕೆಲವರು ಮೊದಲು ಕಡ್ಡಿಗಳನ್ನೇ ಅನುಮಾನಿಸುತ್ತಾರೆ. ಬ್ರಿಟಿಷ್ ಕಾರುಗಳ ಕಡ್ಡಿಗೆ ಸೈಕಲ್ಲಿನಂತೆ ನಿಪ್ಪಲ್ ಇದೆ, ಬಿಗಿ ಮಾಡಬಹುದು. ಮಾಡೆಲ್ ಎ ಚಕ್ರದ ಕಡ್ಡಿಗಳು ವೆಲ್ಡ್ ಮಾಡಿದವು, ಅಲ್ಲಿ ತಿರುಗಿಸಲು ಏನೂ ಇಲ್ಲ.

ಹಂತ 4: ಎಷ್ಟು ಸುತ್ತು ಕಚ್ಚುತ್ತದೆ, ಎಣಿಸಿ

ಸ್ಟಡ್‌ನ ದಪ್ಪ ಎಷ್ಟೋ ಕಡೇಪಕ್ಷ ಅಷ್ಟು ಉದ್ದ ನಟ್ ಥ್ರೆಡ್ ಕಚ್ಚಿಕೊಂಡಿರಬೇಕು. ಅಳೆಯುವ ಬದಲು ಎಣಿಸಿದರೆ ಸುಲಭ. ಚಕ್ರ ಹಾಕಿ, ನಟ್ ಥ್ರೆಡ್ ಹಿಡಿದ ಕ್ಷಣದಿಂದ ಬುಡ ಕೂರುವ ತನಕ ಎಷ್ಟು ಸುತ್ತು ಬಂತು ಅಂತ ಎಣಿಸಿ. ಅರ್ಧ ಇಂಚು, 20 ಥ್ರೆಡ್ ಆದರೆ 10 ಸುತ್ತು. 7/16 ಅಥವಾ 3/8 ಆದರೆ 9 ಸುತ್ತು. ಕಡಿಮೆ ಬಂದರೆ ಸ್ಟಡ್ ಗಿಡ್ಡ ಅಥವಾ ಮಧ್ಯೆ ಯಾರೋ ಸ್ಪೇಸರ್ ಬಿಲ್ಲೆ ಹಾಕಿದ್ದಾರೆ.

ಗುಂಡು ತಲೆಯ ಮುಚ್ಚಿದ ನಟ್ ಆದರೆ ಉಲ್ಟಾ ಸಮಸ್ಯೆ, ಸ್ಟಡ್ ಉದ್ದ ಜಾಸ್ತಿಯಾಗುವುದು. ಅದಕ್ಕೆ ಅಡುಗೆಮನೆಯಿಂದ ಚಪಾತಿ ಹಿಟ್ಟು ಒಂದು ಚಿಟಿಕೆ ತನ್ನಿ. ಸಣ್ಣ ಉಂಡೆ ಮಾಡಿ ನಟ್‌ನ ಒಳಗೆ ತಲೆಯ ತನಕ ಒತ್ತಿ. ನಟ್ಟನ್ನು ಕೊನೇತನಕ ಹಾಕಿ ಬಿಚ್ಚಿ. ಹಿಟ್ಟಿನಲ್ಲಿ ಸ್ಟಡ್ ಮೂಡಿಸಿದ ಗುಳಿಯ ಕೆಳಗೆ ಎರಡು ಮೂರು ಮಿಲಿಮೀಟರ್ ದಪ್ಪ ಉಳಿದಿರಬೇಕು. ಹಿಟ್ಟು ಹಪ್ಪಳದಂತೆ ತೆಳುವಾಗಿದ್ದರೆ ಆ ನಟ್ ಬೇಡ. ಆಮೇಲೆ ಹಿಟ್ಟನ್ನು ಪೂರ್ತಿ ಕೆರೆದು ತೊಳೆಯಿರಿ, ಒಳಗೇ ಉಳಿದರೆ ತುಕ್ಕು ಹಿಡಿಯುತ್ತದೆ.

ನನ್ನನ್ನು ಕೇಳಿದರೆ, ಹಬ್ ಕ್ಯಾಪ್ ಅಡಿಯಲ್ಲಿ ಮರೆಯಾಗುವ ನಟ್ ಆದರೆ ತೆರೆದ ತಲೆಯದನ್ನೇ ಹಾಕಿ. ಸ್ಟಡ್‌ನ ತುದಿ ಹೊರಗೆ ಕಾಣುತ್ತದೆ, ಅನುಮಾನಕ್ಕೆ ಜಾಗವೇ ಇಲ್ಲ.

ಟ್ರಯಂಫ್ ಬಗೆಯ ಅಡಾಪ್ಟರ್‌ನಲ್ಲಿ ಈ ಉದ್ದದ ಲೆಕ್ಕ ಇನ್ನೂ ಬಿಗಿ. ಒಳಗಿನ ನಾಲ್ಕು ನಟ್‌ಗಳು ಗಿಡ್ಡ ಇರಬೇಕು, ಸ್ಟಡ್‌ಗಳೂ ಗಿಡ್ಡ ಇರಬೇಕು. ಮಾಮೂಲಿ ಚಕ್ರದ ಉದ್ದ ಸ್ಟಡ್ ಹಾಗೇ ಬಿಟ್ಟರೆ ಅದರ ತುದಿ ಕಡ್ಡಿ ಚಕ್ರದ ಬೆನ್ನಿಗೆ ತಾಗಿ ಚಕ್ರ ಪೂರ್ತಿ ಒಳಗೆ ಹೋಗುವುದಿಲ್ಲ. ಹೊರಗಿನ ದೊಡ್ಡ ನಟ್ಟನ್ನು ಎಷ್ಟು ಬಡಿದರೂ ಚಕ್ರ ನಿಂತಿರುವುದು ಆ ನಾಲ್ಕು ತುದಿಗಳ ಮೇಲೆ. ಹೆರಾಲ್ಡ್ ಕಾರಿಗೆ ಆಸೆಪಟ್ಟು ಸ್ಪಿಟ್‌ಫೈರ್ ಅಡಾಪ್ಟರ್ ತರಿಸುವವರು ಇದನ್ನು ಮೊದಲೇ ನೋಡಿಕೊಳ್ಳಿ.

ಹಂತ 5: ಎಡ ಯಾವುದು, ಬಲ ಯಾವುದು

ಇಲ್ಲಿ ದೊಡ್ಡ ದೊಡ್ಡವರೂ ಎಡವುತ್ತಾರೆ. ನಿಧಾನವಾಗಿ ಓದಿ.

ಮೊದಲು ಸಣ್ಣ ನಟ್‌ಗಳ ವಿಷಯ. ಅಮೆರಿಕದ ಕ್ರೈಸ್ಲರ್ ಬಳಗದ ಡಾಜ್, ಪ್ಲಿಮತ್, ಡಿಸೋಟೊ ಕಾರುಗಳಲ್ಲಿ 1970ರ ಆಸುಪಾಸಿನ ತನಕ ಎಡಗಡೆಯ ಚಕ್ರಗಳಿಗೆ ಎಡ ಥ್ರೆಡ್, ಬಲಗಡೆಯ ಚಕ್ರಗಳಿಗೆ ಮಾಮೂಲಿ ಬಲ ಥ್ರೆಡ್ ಇರುತ್ತಿತ್ತು. ಪ್ರೀಮಿಯರ್ ಕಂಪನಿ 1947ರಿಂದ ಬಾಂಬೆಯಲ್ಲಿ ಈ ಕಾರುಗಳನ್ನು ಜೋಡಿಸುತ್ತಿತ್ತು, ಹಾಗಾಗಿ ನಮ್ಮಲ್ಲೂ ಇವು ಇವೆ. ಎಡ ಥ್ರೆಡ್‌ನ ನಟ್ ಬಿಚ್ಚಬೇಕಾದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಗೊತ್ತಿಲ್ಲದವರು ಪಾನಾಕ್ಕೆ ಪೈಪ್ ಸಿಕ್ಕಿಸಿ ಉಲ್ಟಾ ನೇತಾಡಿ ಸ್ಟಡ್ ಮುರಿಯುತ್ತಾರೆ. ಅದಕ್ಕೇ ಸ್ಟಡ್‌ನ ತುದಿಯನ್ನು ಉಜ್ಜಿ ನೋಡಿ, ಇಂಗ್ಲಿಷಿನ ಎಲ್ ಅಕ್ಷರ ಕೊರೆದಿದ್ದರೆ ಅದು ಎಡ ಥ್ರೆಡ್.

ಈಗ ಮಧ್ಯದ ದೊಡ್ಡ ನಟ್. ಎಂಜಿಬಿಯಂಥ ಬ್ರಿಟಿಷ್ ಕಾರುಗಳಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು! ಎಡಗಡೆಗೆ ಬಲ ಥ್ರೆಡ್, ಬಲಗಡೆಗೆ ಎಡ ಥ್ರೆಡ್. ನೆನಪಿಟ್ಟುಕೊಳ್ಳಲು ಒಂದೇ ಸೂತ್ರ: ಕಾರು ಮುಂದಕ್ಕೆ ಹೋಗುವಾಗ ಚಕ್ರ ಯಾವ ಕಡೆ ಉರುಳುತ್ತದೋ ಆ ಕಡೆಗೆ ತಿರುಗಿಸಿದರೆ ನಟ್ ಬಿಚ್ಚುತ್ತದೆ. ನಟ್ ಮೇಲೆ ಬಿಚ್ಚುವ ದಿಕ್ಕಿನ ಬಾಣದ ಗುರುತೂ ಇರುತ್ತದೆ.

ಇದೇನು ವಿಚಿತ್ರ, ಚಕ್ರ ಉರುಳುವ ಕಡೆಗೇ ಬಿಚ್ಚಿದರೆ ಓಡುವಾಗ ಕಳಚಿ ಬೀಳುವುದಿಲ್ಲವಾ ಅಂತ ಅನಿಸುತ್ತದೆ. ಬೀಳುವುದಿಲ್ಲ. ಬೆರಳಿಗೆ ಒಂದು ಬಳೆ ಸಿಕ್ಕಿಸಿ ಗರಗರ ಸುತ್ತಿಸಿ ನೋಡಿ. ಬೆರಳು ಬಳೆಯ ಒಂದು ಬದಿಗೆ ಮಾತ್ರ ಒತ್ತುತ್ತಾ ಇರುತ್ತದೆ, ಬಳೆ ಅದರ ಮೇಲೆ ಉರುಳುತ್ತಾ ತಾನೂ ಮೆಲ್ಲಗೆ ತಿರುಗುತ್ತದೆ. ಕಾರಿನ ಭಾರ ಚಕ್ರದ ಕೋನ್ ಅನ್ನು, ಅಂದರೆ ಓರೆ ಮುಖವನ್ನು, ನಟ್‌ನ ಕೋನ್‌ಗೆ ಹೀಗೇ ಒಂದೊಂದು ಬದಿಯಲ್ಲಿ ಒತ್ತುತ್ತಾ ಹೋಗುತ್ತದೆ. ಆ ತೆವಳಾಟ ನಟ್ಟನ್ನು ಬಿಗಿಯುವ ಕಡೆಗೇ ತಳ್ಳಲಿ ಅಂತ ಥ್ರೆಡ್‌ನ ದಿಕ್ಕನ್ನು ಆರಿಸಿದ್ದಾರೆ. ಎಡಬಲ ತಪ್ಪಿದರೆ ಅದೇ ತೆವಳಾಟ ನಟ್ಟನ್ನು ಬಿಚ್ಚುತ್ತದೆ.

ಚಕ್ರಕ್ಕೆ ಎಡಬಲವಿಲ್ಲ. ಹಬ್ ಮತ್ತು ನಟ್‌ಗೆ ಇದೆ. ತಪ್ಪಾದ ನಟ್ ಹಬ್‌ಗೆ ಹತ್ತುವುದೇ ಇಲ್ಲ, ಅಲ್ಲಿ ಭಯವಿಲ್ಲ. ಹಬ್‌ಗಳನ್ನೇ ಬಿಚ್ಚಿ ರಿಪೇರಿ ಮಾಡಿಸುವಾಗ ಎಡದ್ದು ಬಲಕ್ಕೆ ಹೋಗಿಬಿಟ್ಟರೆ ಕಷ್ಟ. ಆಗ ನಟ್ ಅದರ ಜೊತೆಗೇ ಹೋಗುತ್ತದೆ, ಎಲ್ಲ ಸರಿಯಾಗಿಯೇ ಹೊಂದುತ್ತದೆ, ನೋಡಲು ಏನೂ ತಪ್ಪು ಕಾಣುವುದಿಲ್ಲ. ಹಾಗಾಗಿ ಕಾರು ಗ್ಯಾರೇಜಿನಿಂದ ಬಂದ ದಿನ ನಾಲ್ಕೂ ಚಕ್ರದ ಬಾಣ ನೋಡಿ. ಬಿಚ್ಚುವ ಬಾಣ ಕಾರು ಮುಂದೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೇ ಇರಬೇಕು.

ಹೊರದೇಶದಿಂದ ತರಿಸುವಾಗ ಇನ್ನೊಂದು ಗುಂಡಿ ಇದೆ. ಅಮೆರಿಕದ ಅಂಗಡಿಯವರು ಡ್ರೈವರ್ ಸೈಡ್ ಅಂದರೆ ಎಡಗಡೆ. ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ. ಬ್ರಿಟನ್ನಿನವರು ನಿಯರ್ ಸೈಡ್ ಅಂದರೆ ಎಡ, ಆಫ್ ಸೈಡ್ ಅಂದರೆ ಬಲ. ಇದು ನಮಗೂ ಹೊಂದುತ್ತದೆ. ಆರ್ಡರ್ ಬರೆಯುವಾಗ ಕಡೆಯ ಹೆಸರಿನ ಜೊತೆ ಥ್ರೆಡ್‌ನ ದಿಕ್ಕನ್ನೂ ಬರೆದುಬಿಡಿ: ಬಲ ಥ್ರೆಡ್ 2, ಎಡ ಥ್ರೆಡ್ 2.

ಹಂತ 6: ಮಧ್ಯದ ದೊಡ್ಡ ನಟ್ ಆರಿಸುವುದು

ಈ ವ್ಯವಸ್ಥೆ ಹುಟ್ಟಿದ್ದು ಕೊವೆಂಟ್ರಿಯಲ್ಲಿ, ಸೈಕಲ್ ತಯಾರಿಸುತ್ತಿದ್ದ ರಡ್ಜ್-ವಿಟ್‌ವರ್ತ್ ಕಂಪನಿಯ ಜಾನ್ ಪಗ್ ಅವರ ಕೈಯಲ್ಲಿ. 1908ರ ಫ್ರೆಂಚ್ ಗ್ರ್ಯಾಂಡ್ ಪ್ರಿ ಓಟದಲ್ಲಿ ನೇಪಿಯರ್ ಕಾರುಗಳು ಈ ಬೇಗ ಬಿಚ್ಚುವ ಚಕ್ರ ಹಾಕಿಕೊಂಡು ಬರುತ್ತೇವೆ ಅಂದಾಗ ಸಂಘಟಕರು ಬಿಡಲಿಲ್ಲ. ಅಷ್ಟು ಅನುಕೂಲ ಕಂಡಿರಬೇಕು ಅದರಲ್ಲಿ! ಇಟಲಿಯಲ್ಲಿ ಕಾರ್ಲೊ ಬೊರಾನಿ 1922ರಲ್ಲಿ ಇದೇ ಪರವಾನಗಿ ಪಡೆದು ಮಿಲಾನ್‌ನಲ್ಲಿ ಚಕ್ರ ಮಾಡಲು ಶುರು ಮಾಡಿದರು.

ಒಳಗಿನ ಕೆಲಸ ಹೀಗೆ. ಹಬ್‌ನ ಹಲ್ಲುಗಳು ಚಕ್ರವನ್ನು ತಿರುಗಿಸುತ್ತವೆ, ಅಷ್ಟೇ. ಚಕ್ರವನ್ನು ಮಧ್ಯಕ್ಕೆ ತಂದು ಅಲ್ಲಾಡದಂತೆ ಹಿಡಿಯುವುದು ಎರಡು ಓರೆ ಮುಖಗಳು: ಒಳಗಡೆ ಹಬ್‌ನ ಕೋನ್, ಹೊರಗಡೆ ನಟ್‌ನ ಕೋನ್. ನಟ್ ಎರಡರ ನಡುವೆ ಚಕ್ರವನ್ನು ಅಡಕತ್ತರಿಯಂತೆ ಹಿಡಿಯಬೇಕು. ಕೋನ್ ಕೂರದಿದ್ದರೆ ಭಾರವೆಲ್ಲ ಹಲ್ಲುಗಳ ಮೇಲೆ ಬೀಳುತ್ತದೆ, ಹಲ್ಲು ಗರಗಸದಂತೆ ಚೂಪಾಗುತ್ತದೆ.

ನಟ್ ಕೊಳ್ಳುವ ಮೊದಲು ಹಬ್‌ನ ಥ್ರೆಡ್ ಎಣಿಸಿ. ಒಂದು ಇಂಚು ಉದ್ದಕ್ಕೆ 8 ಬಂದರೆ ಒಂದು ಜಾತಿ, 12 ಬಂದರೆ ಇನ್ನೊಂದು. ಎಂಜಿಬಿಯಲ್ಲೇ ಎರಡೂ ಸಿಗುತ್ತವೆ, ಹಾಗಾಗಿ ಕಾರಿನ ವರ್ಷ ಹೇಳಿ ನಟ್ ತರಿಸುವುದು ಜೂಜು. 8ರದ್ದಾದರೆ ಥ್ರೆಡ್‌ಗಳ ನಡುವೆ 3 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, 12ರದ್ದಾದರೆ 2 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಬರೀ ಸ್ಕೇಲ್ ಸಾಕು. ಹಿಂದಿನ ಹಬ್, ಮುಂದಿನ ಹಬ್ ಬೇರೆ ಬೇರೆ ಕಾರಿನಿಂದ ಬಂದಿರಬಹುದು, ನಾಲ್ಕನ್ನೂ ನೋಡಿ.

ಕೋನ್ ಹೊಂದುತ್ತದಾ ಅಂತ ನೋಡಲು ಮತ್ತೆ ಕಾಡಿಗೆ ಡಬ್ಬಿ. ನಟ್‌ನ ಒಳ ಓರೆಗೆ ಬಳಿದು, ಹಾಕಿ, ಎರಡು ಏಟು ಕೊಟ್ಟು ಬಿಚ್ಚಿ. ಉಂಗುರ ಪೂರ್ತಿ ಬೀಳಬೇಕು. ನಟ್‌ನ ತಳ ಹಬ್‌ನ ತುದಿಗೆ ಮೊದಲೇ ತಗುಲುತ್ತಿದೆಯಾ ಅಂತಲೂ ನೋಡಿ, ಗುಂಡು ತಲೆಯ ನಟ್‌ನ ಕಥೆಯೇ ಇಲ್ಲೂ ನಡೆಯುತ್ತದೆ.

ರೆಕ್ಕೆ ಬೇಕಾ, ಬೇಡವಾ ಎಂಬುದು ಮನಸ್ಸಿಗೆ ಬಿಟ್ಟದ್ದು. 1968ರಿಂದ ಅಮೆರಿಕದಲ್ಲಿ ಹೊಸ ಕಾರುಗಳ ಚಕ್ರದಿಂದ ರೆಕ್ಕೆಗಳು ಹೊರಗೆ ಚಾಚಬಾರದು ಅಂತ ಕಾನೂನು ಬಂತು. ಅದಕ್ಕೇ ಆಮೇಲಿನ ಕಾರುಗಳಲ್ಲಿ ರೆಕ್ಕೆಯಿಲ್ಲದ, ಎಂಟು ಮೂಲೆಯ ನಟ್ ಕಾಣುತ್ತದೆ. ಅದಕ್ಕೆ ಬೇರೆಯೇ ದೊಡ್ಡ ಪಾನಾ ಬೇಕು, ಅದನ್ನು ನಟ್ ಜೊತೆಗೇ ಕೊಳ್ಳಿ. ಸಂತೆಬೀದಿಯಲ್ಲಿ ಓಡಾಡುವ ಕಾರಾದರೆ ನಾನು ರೆಕ್ಕೆಯಿಲ್ಲದ್ದನ್ನೇ ಆರಿಸುತ್ತೇನೆ. ಮಕ್ಕಳ ಕಾಲು, ಸೀರೆಯ ಸೆರಗು ಎಲ್ಲ ಹತ್ತಿರವೇ ಇರುತ್ತವೆ.

ಲೋಹದ ಬಗ್ಗೆ ಎರಡೇ ಮಾತು. ರೆಕ್ಕೆ ನಟ್ ಕೈಯಲ್ಲಿ ಹಿಡಿದಾಗ ಗಟ್ಟಿ ತೂಕ ಇರಬೇಕು. ಹಗುರವಾದ, ಅಚ್ಚು ಹೊಯ್ದ ಬಿಳಿ ಲೋಹದ್ದು ಅಲಂಕಾರಕ್ಕೆ ಮಾತ್ರ, ಸುತ್ತಿಗೆ ಏಟಿಗೆ ರೆಕ್ಕೆ ಮುರಿಯುತ್ತದೆ. ಸಣ್ಣ ನಟ್‌ಗಳಲ್ಲಿ, ಉಕ್ಕಿನ ನಟ್‌ಗೆ ಮೇಲಿಂದ ತೆಳು ತಗಡಿನ ಟೋಪಿ ಹಾಕಿದ್ದನ್ನು ಬಿಟ್ಟುಬಿಡಿ. ಒಳಗೆ ನೀರು ಹೋಗಿ ತಗಡು ಉಬ್ಬುತ್ತದೆ, ಆಮೇಲೆ ಯಾವ ಪಾನಾವೂ ಕೂರುವುದಿಲ್ಲ.

ಹಂತ 7: ಕೊಳ್ಳುವುದು, ಹಾಕುವುದು

ಬೆಂಗಳೂರಿನವರು ಜೆಸಿ ರಸ್ತೆಗೋ ಎಸ್‌ಜೆಪಿ ರಸ್ತೆಗೋ ಹೋಗುವಾಗ ಬಾಯಲ್ಲಿ ಅಳತೆ ಹೇಳಬೇಡಿ, ಹಳೇ ನಟ್ ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ. ಬಿಡಿ ಸ್ಟಡ್ ಇದ್ದರೆ ಇನ್ನೂ ಒಳ್ಳೆಯದು. ಅಂಗಡಿ ಕಟ್ಟೆಯ ಮೇಲೇ ಕೈಬೆರಳಲ್ಲಿ ಇಳಿಸಿ ನೋಡಿ. ಕ್ರೋಮ್ ದಪ್ಪವಾಗಿದ್ದರೆ ಒಳಗಿನ ಥ್ರೆಡ್‌ಗೂ ತುಂಬಿಕೊಂಡಿರುತ್ತದೆ, ಬೆರಳಲ್ಲಿ ಇಳಿಯುವುದಿಲ್ಲ. ಅಂಥದ್ದನ್ನು ಅಲ್ಲೇ ವಾಪಸ್ ಕೊಡಿ. ಐದು ಬೇಕಿದ್ದರೆ ಆರು ತನ್ನಿ.

ಸಣ್ಣ ನಟ್‌ಗಳನ್ನು ಒಣಗಿದ ಶುಚಿಯಾದ ಥ್ರೆಡ್‌ಗೆ ಹಾಕಿ. ಪುಸ್ತಕದಲ್ಲಿ ಕೊಟ್ಟ ಟಾರ್ಕ್ ಒಣ ಥ್ರೆಡ್‌ನದು. ಎಣ್ಣೆ ಬಳಿದು ಅಷ್ಟೇ ಟಾರ್ಕ್ ಕೊಟ್ಟರೆ ಸ್ಟಡ್ ಜಾಸ್ತಿ ಎಳೆಯಲ್ಪಡುತ್ತದೆ. ಮಾಡೆಲ್ ಎ ಕಾರಿಗೆ ರೂಢಿಯಲ್ಲಿರುವುದು 64 ಪೌಂಡ್-ಅಡಿ, ಅಂದರೆ ಸುಮಾರು 87 ನ್ಯೂಟನ್ ಮೀಟರ್. 3/8 ಸ್ಟಡ್‌ನ ಸ್ಪಿಟ್‌ಫೈರ್‌ಗೆ 38ರಿಂದ 42 ಪೌಂಡ್-ಅಡಿ, ಸುಮಾರು 52ರಿಂದ 57 ನ್ಯೂಟನ್ ಮೀಟರ್ ಮಾತ್ರ. ಈಗಿನ ಕಾರುಗಳ ಅಭ್ಯಾಸದಲ್ಲಿ ಟೈರ್ ಅಂಗಡಿಯವರು ಗನ್ ಹಿಡಿದರೆ ಈ ಸ್ಟಡ್ ಕಡ್ಡಿಯಂತೆ ಮುರಿಯುತ್ತದೆ. ಐದು ನಟ್ ಇದ್ದರೆ ಒಂದು ಬಿಟ್ಟು ಒಂದು, ನಕ್ಷತ್ರ ಬರೆದ ಹಾಗೆ. ನಾಲ್ಕಿದ್ದರೆ ಎದುರುಬದುರು. ಒಂದೇ ಸಲ ಪೂರ್ತಿ ಬಿಗಿಯಬೇಡಿ, ಎರಡು ಮೂರು ಸುತ್ತಿನಲ್ಲಿ ಏರಿಸಿ.

ಮಧ್ಯದ ನಟ್‌ಗೆ ಉಲ್ಟಾ ನಿಯಮ. ಹಲ್ಲು, ಎರಡೂ ಕೋನ್, ಥ್ರೆಡ್ ಎಲ್ಲಕ್ಕೂ ಗ್ರೀಸ್ ತೆಳುವಾಗಿ ಬೇಕೇಬೇಕು. ಚಕ್ರ ಗಾಳಿಯಲ್ಲಿದ್ದಾಗಲೇ ನಟ್ಟನ್ನು ಕೈಯಲ್ಲಿ ಇಳಿಸಿ, ತಾಮ್ರದ ಅಥವಾ ಸೀಸದ ಸುತ್ತಿಗೆಯಲ್ಲಿ ಹೊಡೆದು ಕೂರಿಸಿ. ಕಬ್ಬಿಣದ ಸುತ್ತಿಗೆ ಬೇಡ. ಜಾಕಿ ಇಳಿಸಿದ ಮೇಲೆ ಮೊದಲ ಏಟು ಕೊಟ್ಟರೆ ಕಾರಿನ ಭಾರಕ್ಕೆ ಚಕ್ರ ಒಂದು ಕಡೆ ಜಾರಿರುತ್ತದೆ, ಕೋನ್ ಮಧ್ಯಕ್ಕೆ ಬರುವುದಿಲ್ಲ. ಕೂರಿಸಿ ಆದ ಮೇಲೆ ಇಳಿಸಿ, ಇನ್ನೆರಡು ಏಟು ಕೊಡಿ. ಸದ್ದಿನಲ್ಲೇ ತಿಳಿಯುತ್ತದೆ: ಮೊದಲು ದಪ್ ದಪ್ ಅನ್ನುವುದು, ಕೂತ ಮೇಲೆ ಠಣ್ ಅನ್ನುತ್ತದೆ.

ಹಲ್ಲು ಸವೆದಿದೆಯಾ ನೋಡಲು ಚಕ್ರ ಜಾಕಿಯ ಮೇಲಿರುವಾಗ ನಟ್ ತೆಗೆದು, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ನೀವು ಚಕ್ರವನ್ನು ಹಿಂದೆ ಮುಂದೆ ತಿರುಗಿಸಿ. ಲೊಟಕ್ ಲೊಟಕ್ ಅಂತ ಆಡಿದರೆ ಹಬ್ ಮತ್ತು ಚಕ್ರದ ಕೆಲಸವಿದೆ, ನಟ್ ಹಣ ಆಮೇಲೆ ಖರ್ಚು ಮಾಡಿ.

ಯಾವ ಬಗೆಯಾದರೂ ಮೊದಲ 50 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿ ನೋಡಿ. ಗೆಳೆಯನ ಮಾಡೆಲ್ ಎ ಕಾರನ್ನು ನಾವು ರಾಮನಗರದ ಹತ್ತಿರ ಟೀ ಅಂಗಡಿಯ ಮುಂದೆ ನಿಲ್ಲಿಸಿ ನೋಡಿದೆವು. ಎರಡು ನಟ್ ಕಾಲು ಸುತ್ತು ತಗೊಂಡವು, ಉಳಿದ ಮೂರು ಕದಲಲಿಲ್ಲ. ವಾಪಸ್ ಬಂದು ನೋಡಿದಾಗ ಐದೂ ಗಟ್ಟಿಯಾಗಿದ್ದವು. ಆರನೇ ನಟ್ ಮತ್ತು ಕಾಡಿಗೆ ಡಬ್ಬಿ ಈಗ ಅವನ ಟೂಲ್ ಬಾಕ್ಸಿನಲ್ಲೇ ಇವೆ. ಮನೆಗೆ ಹೊಸ ಡಬ್ಬಿ ತಂದುಕೊಡಬೇಕಾಯಿತು.